ಕೆಲಸ ಬಿಡದೆ ಬಿ.ಟೆಕ್ ಮಾಡಬಹುದಾ? ಸೋಮವಾರ ಮುಂಗಡ ಕೊಡಬೇಕಂತೆ, ಸಲಹೆ ಬೇಕು

ಉಪ್ಪಳದವ
ಎಲ್ಲರಿಗೂ ನಮಸ್ಕಾರ. ನನ್ನ ಪ್ರಾಯ 29. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದು 2016ರಲ್ಲಿ. ಆಗಿನಿಂದ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮೊದಲು ಮೆಷಿನ್ ಮೇಲೆ ಇದ್ದೆ, ಈಗ ಶಿಫ್ಟ್ ಸೂಪರ್‌ವೈಸರ್. ಬೆಳಗ್ಗೆ ಕಾಸರಗೋಡಿನ ಉಪ್ಪಳದಿಂದ ರೈಲು, ಮಂಗಳೂರು ಸೆಂಟ್ರಲ್‌ನಿಂದ ಬಸ್ಸು. ಮನೆ ಮುಟ್ಟುವಾಗ ರಾತ್ರಿ ಎಂಟು.

ಕಳೆದ ತಿಂಗಳು ನಮ್ಮ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ನನಗೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಕೊನೆಗೆ ಬಿ.ಇ. ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕೊಡಲಿಲ್ಲ. ಬಂದವನಿಗೆ 24 ವರ್ಷ. ಒಳ್ಳೆಯ ಹುಡುಗ, ಅವನ ಮೇಲೆ ಬೇಜಾರಿಲ್ಲ. ಆದರೆ ಅವನಿಗೆ ಮೆಷಿನ್ ಕೆಲಸ ಹೇಳಿಕೊಡುತ್ತಿರುವುದು ನಾನು. ಅದು ಪ್ರತಿದಿನ ಚುಚ್ಚುತ್ತದೆ.

ಈಗ ಮಂಗಳೂರಿನಲ್ಲಿ ಒಬ್ಬರು ಸಿಕ್ಕಿದ್ದಾರೆ. ಉತ್ತರ ಭಾರತದ ಒಂದು ವಿಶ್ವವಿದ್ಯಾಲಯದಿಂದ ಬಿ.ಟೆಕ್ ಮಾಡಿಸುತ್ತಾರಂತೆ. ಕ್ಲಾಸಿಗೆ ಒಂದು ದಿನವೂ ಹೋಗಬೇಕಿಲ್ಲ, ಪರೀಕ್ಷೆಗೆ ಮಾತ್ರ ಹೋದರೆ ಸಾಕು, ಎರಡು ವರ್ಷದಲ್ಲಿ ಸರ್ಟಿಫಿಕೇಟ್ ಕೈಗೆ ಅಂದರು. ಒಟ್ಟು 1.75 ಲಕ್ಷ. ಸೋಮವಾರ 25 ಸಾವಿರ ಮುಂಗಡ ಕೊಡಬೇಕು. ಹೆಂಡತಿಗೆ ಇನ್ನೂ ಹೇಳಿಲ್ಲ. ಮೂರು ವರ್ಷದ ಮಗಳಿದ್ದಾಳೆ, ಕೆಲಸ ಬಿಟ್ಟು ಓದುವ ಸ್ಥಿತಿ ಇಲ್ಲ.

ಇದು ಸರಿ ಇದೆಯಾ? ಇಲ್ಲ ಅಂದರೆ ಬೇರೆ ದಾರಿ ಉಂಟಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬದಿಯಡ್ಕ ಭಾವ
ಸೋಮವಾರ ಹಣ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡುವ.

ನೀರ್ಚಾಲು ಮಾಷ್ಟ್ರು
ನಾನು ಪಾಲಿಟೆಕ್ನಿಕ್‌ನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿಮ್ಮ ಹಾಗೆ ಕೇಳಿಕೊಂಡು ಬಂದ ಹಳೆಯ ವಿದ್ಯಾರ್ಥಿಗಳನ್ನು ಬಹಳ ನೋಡಿದ್ದೇನೆ. ಅದಕ್ಕೆ ಬಿಡಿಸಿ ಹೇಳುತ್ತೇನೆ.

ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಅನ್ನುವುದೇ ನಮ್ಮ ದೇಶದಲ್ಲಿ ನಡೆಯುವುದಿಲ್ಲ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಈ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಒಪ್ಪಿಗೆ ಇಲ್ಲದೆ ಅಂಚೆ ಮೂಲಕ ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳ ಪ್ರಕರಣ ಅದು. 2005ರ ನಂತರದ ಬ್ಯಾಚ್‌ಗಳ ಪದವಿ ರದ್ದಾಯಿತು. ಆಮೇಲೆ ಯುಜಿಸಿ 2020ರಲ್ಲಿ ತಂದ ನಿಯಮದಲ್ಲೂ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಇಂಜಿನಿಯರಿಂಗ್ ಕೊಡುವ ಹಾಗಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕೂಡ ಹಾಗೇ.

ಕಾರಣ ಸರಳ. ವರ್ಕ್‌ಶಾಪಿಗೆ ಬಾರದೆ, ಲ್ಯಾಬಿನಲ್ಲಿ ಕೈ ಕೊಳೆ ಮಾಡಿಕೊಳ್ಳದೆ ಇಂಜಿನಿಯರ್ ಆಗಲು ಬರುವುದಿಲ್ಲ. ಒಂದು ದಿನವೂ ಕ್ಲಾಸಿಗೆ ಬರಬೇಡಿ ಅಂತ ಅವರು ಹೇಳಿದ್ದಾರಲ್ಲ, ಆ ಒಂದು ಮಾತಿನಲ್ಲೇ ಎಲ್ಲ ಗೊತ್ತಾಗುತ್ತದೆ.

ಕುಂಬಳೆ ಕಡಲು
ಮಾಷ್ಟ್ರೇ, ಕಾನೂನು ನೀವು ಹೇಳಿದ ಹಾಗೆ ಇರಬಹುದು. ಆದರೆ ನನ್ನ ಗೆಳೆಯ ಒಬ್ಬ ಇಂಥದೇ ಡಿಗ್ರಿ ತೋರಿಸಿ ಖಾಸಗಿ ಕಂಪನಿಯಲ್ಲಿ ಏಳು ವರ್ಷದಿಂದ ಇದ್ದಾನೆ. ಯಾರೂ ಕೇಳಿಲ್ಲ. ಖಾಸಗಿಯಲ್ಲಿ ಒಂದು ಕಾಗದ ಇದ್ದರೆ ಸಾಕು. ಎಲ್ಲರೂ ಸುಮ್ನೆ ಹೆದರಿಸುತ್ತೀರಿ ಅಲ್ವಾ?

ಪೈವಳಿಕೆ
ಕುಂಬಳೆಯವರೇ, ಏಳು ವರ್ಷ ಯಾರೂ ಕೇಳಲಿಲ್ಲ ಅಂದರೆ ಎಂಟನೇ ವರ್ಷ ಕೇಳುವುದಿಲ್ಲ ಅಂತ ಅರ್ಥ ಅಲ್ಲ. ನಮ್ಮ ಮನೆಯ ವಿಷಯ ಹೇಳುತ್ತೇನೆ.

ನನ್ನ ಭಾವ, ಅಕ್ಕನ ಗಂಡ, ಸರಕಾರಿ ಕೆಲಸದಲ್ಲಿದ್ದವರು. ಡಿಪ್ಲೊಮಾ ಮಾಡಿದ್ದರು. 2003ರಲ್ಲಿ ಇಂಥ ಒಂದು ಕಡೆ ಅಂಚೆ ಮೂಲಕ ಬಿ.ಟೆಕ್ ಸೇರಿದರು. ಆಗ ಅದು ಮೋಸ ಅಂತ ಯಾರಿಗೂ ಅನಿಸಿರಲಿಲ್ಲ. ಪೇಪರಿನಲ್ಲಿ ಜಾಹೀರಾತು ಬರುತ್ತಿತ್ತು. ಭಾವ ಕಳ್ಳ ದಾರಿ ಹಿಡಿದವರಲ್ಲ, ರಾತ್ರಿ ಕುಳಿತು ಓದಿಯೇ ಪರೀಕ್ಷೆ ಬರೆದರು. ಆ ಪದವಿಯ ಮೇಲೆ ಬಡ್ತಿಯೂ ಆಯಿತು.

2017ರಲ್ಲಿ ತೀರ್ಪು ಬಂದಾಗ ಅವರಿಗೆ 47 ವರ್ಷ. 2001ರಿಂದ 2005ರ ಒಳಗೆ ಸೇರಿದವರಿಗೆ ಒಂದು ಅವಕಾಶ ಇತ್ತು. ಎಐಸಿಟಿಇ 2018ರಲ್ಲಿ ಪರೀಕ್ಷೆ ನಡೆಸುತ್ತದೆ, ಪಾಸಾದರೆ ಪದವಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ, ಪದವಿಯಿಂದ ಸಿಕ್ಕಿದ ಬಡ್ತಿಯೂ ಹೋಗುತ್ತದೆ. ಮಗ ಪ್ಲಸ್ ಟು ಪರೀಕ್ಷೆಗೆ ಓದುವ ಮೇಜಿನಲ್ಲೇ ಅಪ್ಪನೂ ಓದಲು ಕೂತರು. ಎಷ್ಟೋ ವರ್ಷ ಮುಟ್ಟದ ಥರ್ಮೋಡೈನಾಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಮೊದಲ ಸಲ ಪಾಸಾಗಲಿಲ್ಲ. ಎರಡನೇ ಸಲ ಪಾಸಾದರು. ಆ ನಡುವಿನ ದಿನಗಳಲ್ಲಿ ಅಕ್ಕ ಭಾವನನ್ನು ಒಬ್ಬರೇ ತೋಟಕ್ಕೆ ಹೋಗಲು ಬಿಡುತ್ತಿರಲಿಲ್ಲ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಅವರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬರು 2006ರಲ್ಲಿ ಸೇರಿದವರು. ಅವರಿಗೆ ಪರೀಕ್ಷೆಯ ಅವಕಾಶವೂ ಇರಲಿಲ್ಲ.

ಕುಂಬಳೆ ಕಡಲು
ಇಷ್ಟು ಗೊತ್ತಿರಲಿಲ್ಲ. ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಗೆಳೆಯನಿಗೂ ಇದನ್ನು ಕಳಿಸುತ್ತೇನೆ.

ಮುಳ್ಳೇರಿಯ
ಎಎಂಐಇ ಮಾಡಿ ಅಣ್ಣ, ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯ ಪರೀಕ್ಷೆ. ನಮ್ಮ ದೊಡ್ಡಪ್ಪ ಕೆಲಸ ಮಾಡಿಕೊಂಡೇ ಎಎಂಐಇ ಮುಗಿಸಿ ಇಂಜಿನಿಯರ್ ಆದವರು. ಸೆಕ್ಷನ್ ಎ, ಸೆಕ್ಷನ್ ಬಿ ಪಾಸಾದರೆ ಬಿ.ಇ.ಗೆ ಸಮ. ಖರ್ಚು ಕಡಿಮೆ.

ನೀರ್ಚಾಲು ಮಾಷ್ಟ್ರು
ದೊಡ್ಡಪ್ಪನ ಕಾಲಕ್ಕೆ ಅದು ನಿಜ, ಈಗಿನ ಕಾಲಕ್ಕೆ ಅಲ್ಲ. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ 1920ರಲ್ಲಿ ಶುರುವಾದ ಸಂಸ್ಥೆ. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ. ಬಡ ಮನೆಯ ಎಷ್ಟೋ ಡ್ರಾಫ್ಟ್ಸ್‌ಮನ್, ಓವರ್‌ಸಿಯರ್‌ಗಳನ್ನು ಇಂಜಿನಿಯರ್ ಮಾಡಿದ ಪರೀಕ್ಷೆ ಅದು. ಅಷ್ಟು ಸುಲಭದ ಪರೀಕ್ಷೆಯೂ ಆಗಿರಲಿಲ್ಲ. ಆದರೆ ಸರಕಾರಿ ಕೆಲಸಕ್ಕೆ ಪದವಿಗೆ ಸಮ ಅಂತ ಲೆಕ್ಕಕ್ಕೆ ಬರುವುದು 2013ರ ಮೇ 31ರ ಒಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ. ಈಗ ಸೇರಿದರೆ ಓದಿದ ವಿದ್ಯೆ ಉಳಿಯುತ್ತದೆ, ಉಪ್ಪಳದವರಿಗೆ ಬೇಕಾದ ಕಾಗದ ಸಿಗುವುದಿಲ್ಲ.

ಮುಳ್ಳೇರಿಯ
ಓ, ಹಾಗಾ. ಸರಿ ಮಾಷ್ಟ್ರೇ. ಇಂಥ ಒಂದು ದಾರಿ ಮುಚ್ಚಿದ್ದು ಬಹಳ ಬೇಜಾರಿನ ಸಂಗತಿ.

ಮಂಜೇಶ್ವರ ಮೋನು
ಡಿಗ್ರಿ ಯಾಕೆ ಬೇಕು ಅಂತ ಯಾರೂ ಕೇಳುತ್ತಿಲ್ಲ. ಒಂಬತ್ತು ವರ್ಷದ ಅನುಭವ ಇದೆ ನಿಮಗೆ. ಸಿಎನ್‌ಸಿ ಪ್ರೋಗ್ರಾಮಿಂಗ್, ಕ್ಯಾಡ್, ಟೂಲ್ ಡಿಸೈನ್ ಕಲಿಯಿರಿ. ಮಂಗಳೂರಿನಲ್ಲೇ ಜಿಟಿಟಿಸಿ ಅಂತ ಸರಕಾರಿ ತರಬೇತಿ ಕೇಂದ್ರ ಉಂಟು. ಆರು ತಿಂಗಳು ಕಲಿತು ಬೇರೆ ಕಂಪನಿಗೆ ಹೋದರೆ ಇದಕ್ಕಿಂತ ಜಾಸ್ತಿ ಸಂಬಳ. ನಾನು ಹಾಗೇ ಮಾಡಿದೆ. ಡಿಗ್ರಿ ಹುಚ್ಚಿನಲ್ಲಿ ಪ್ರಾಯ ಕಳೆಯಬೇಡಿ.

ಉಪ್ಪಳದವ
ಮೋನು ಅಣ್ಣ, ಕ್ಯಾಡ್ ನನಗೆ ಬರುತ್ತದೆ, ಸಿಎನ್‌ಸಿಯೂ ಬರುತ್ತದೆ. ಕೆಲಸ ಗೊತ್ತಿಲ್ಲ ಅಂತ ಹುದ್ದೆ ತಪ್ಪಿದ್ದಲ್ಲ. ಬೇರೆ ಎರಡು ಕಂಪನಿಗೂ ಹೋಗಿ ಕೇಳಿದೆ, ಅಲ್ಲಿಯೂ ಮ್ಯಾನೇಜರ್ ಮಟ್ಟಕ್ಕೆ ಬಿ.ಇ. ಅಂತಲೇ ಬರೆದಿದ್ದಾರೆ. ಮತ್ತೆ, ನಿಜ ಹೇಳಬೇಕಾದರೆ, ನನಗೆ ಓದುವ ಆಸೆಯೂ ಇದೆ. ಡಿಪ್ಲೊಮಾ ಮುಗಿದಾಗ, ನೇರ ಎರಡನೇ ವರ್ಷದ ಬಿ.ಟೆಕ್ ಸೇರುವ ಲೆಟ್ ಪರೀಕ್ಷೆ ಬರೆಯಬೇಕು ಅಂತಿದ್ದೆ. ಆ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಂತು.

ಮಂಜೇಶ್ವರ ಮೋನು
ಕ್ಷಮಿಸಿ ತಮ್ಮ. ಓದುವ ಆಸೆ ಇದ್ದರೆ ಓದಲೇಬೇಕು. ನಾನು ಸಂಬಳ ಒಂದೇ ಯೋಚಿಸಿದೆ.

ಪೆರ್ಲದ ಅಕ್ಕ
ಈ ಚರ್ಚೆ ನಿನ್ನೆಯಿಂದ ಓದುತ್ತಿದ್ದೇನೆ, ಬರೆಯಲು ಸಮಯ ಸಿಕ್ಕಿದ್ದು ಈಗ. ನಾನು ಈಗ ಕೆಲಸ ಬಿಡದೆ ಬಿ.ಟೆಕ್ ಓದುತ್ತಿದ್ದೇನೆ. ಎಲೆಕ್ಟ್ರಿಕಲ್, ಎರಡನೇ ವರ್ಷ ನಡೆಯುತ್ತಿದೆ. ಪ್ರಾಯ 34, ಇಬ್ಬರು ಮಕ್ಕಳು.

ಎಐಸಿಟಿಇ 2023-24ರಿಂದ ಕೆಲಸದಲ್ಲಿ ಇರುವವರಿಗಾಗಿಯೇ ಬಿ.ಟೆಕ್ ನಡೆಸಲು ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ವರ್ಕಿಂಗ್ ಪ್ರೊಫೆಷನಲ್ಸ್ ಬ್ಯಾಚ್ ಅಂತ ಹೆಸರು. ಡಿಪ್ಲೊಮಾ ಆದವರಿಗೆ ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಪ್ರವೇಶ. ಮೂರು ವರ್ಷ, ಆರು ಸೆಮಿಸ್ಟರ್. ಕನಿಷ್ಠ ಒಂದು ವರ್ಷ ಪೂರ್ಣಾವಧಿ ಕೆಲಸದಲ್ಲಿ ಇರಬೇಕು. ಕೆಲಸದ ಜಾಗ ಕಾಲೇಜಿನಿಂದ ಇಂತಿಷ್ಟು ಕಿಲೋಮೀಟರ್ ಒಳಗೆ ಇರಬೇಕು ಅಂತ ಮಿತಿ ಉಂಟು. ಮನೆ ಎಲ್ಲಿ ಅಂತ ಅಲ್ಲ, ಕೆಲಸ ಎಲ್ಲಿ ಅಂತ ನೋಡುತ್ತಾರೆ. ಇದನ್ನು ಸರಿಯಾಗಿ ಗಮನಿಸಿ. ಎಲ್ಲ ಕಾಲೇಜಿನಲ್ಲಿ ಇಲ್ಲ. ಒಪ್ಪಿಗೆ ಸಿಕ್ಕಿದ ಕಾಲೇಜು, ಒಪ್ಪಿಗೆ ಸಿಕ್ಕಿದ ಬ್ರಾಂಚ್ ಯಾವುದು ಅಂತ ಆಯಾ ವರ್ಷದ ಪಟ್ಟಿಯಲ್ಲೇ ನೋಡಬೇಕು. ಏಜೆಂಟರ ಬಾಯಿಂದ ಕೇಳಬೇಡಿ.

ಇದು ಅಂಚೆ ಶಿಕ್ಷಣ ಅಲ್ಲ. ಹಾಜರಿ ಬೇಕು, ಇಂಟರ್ನಲ್ ಪರೀಕ್ಷೆ, ಲ್ಯಾಬ್, ರೆಕಾರ್ಡ್, ವೈವಾ ಎಲ್ಲ ಬೇಕು. ಸಮಯ ಮಾತ್ರ ನಮಗೆ ಹೊಂದುವ ಹಾಗೆ. ನಮಗೆ ವಾರದ ದಿನ ಸಂಜೆ ಕ್ಲಾಸು, ಶನಿವಾರ ಮಧ್ಯಾಹ್ನದ ನಂತರ ಮತ್ತು ಭಾನುವಾರ ಲ್ಯಾಬು.

ಇನ್ನು ಯಾರೂ ಹೇಳದ ವಿಷಯ. ಮೊದಲ ಸೆಮಿಸ್ಟರ್ ನಾನು ರಾತ್ರಿ ಹನ್ನೆರಡರವರೆಗೆ ಓದಲು ಕೂತೆ. ತಪ್ಪು ಮಾಡಿದೆ. ಬೆಳಗ್ಗೆ ಕೆಲಸದಲ್ಲಿ ಪ್ಯಾನೆಲ್ ಬೋರ್ಡ್ ಎದುರು ನಿಂತು ತೂಕಡಿಸಿದೆ. ಎಲೆಕ್ಟ್ರಿಕಲ್ ಕೆಲಸದಲ್ಲಿ ತೂಕಡಿಸಿದರೆ ಜೀವ ಹೋಗುತ್ತದೆ. ಆವತ್ತಿನಿಂದ ರಾತ್ರಿ ಹತ್ತಕ್ಕೆ ಮಲಗುತ್ತೇನೆ, ನಾಲ್ಕೂವರೆಗೆ ಏಳುತ್ತೇನೆ. ಎರಡು ಗಂಟೆ ಸಿಕ್ಕಿದರೆ ಸಾಕು. ಅತ್ತೆ ಬೆಳಗ್ಗಿನ ತಿಂಡಿಯ ಕೆಲಸ ತಾವು ನೋಡಿಕೊಳ್ಳುತ್ತೇನೆ ಅಂದರು. ಅದಿಲ್ಲದಿದ್ದರೆ ನಾನು ಎರಡನೇ ತಿಂಗಳಿಗೇ ಬಿಡುತ್ತಿದ್ದೆ. ಹಾಗಾಗಿ ತಮ್ಮ, ಹಣ ಕೊಡುವ ಮೊದಲು ಅಲ್ಲ, ಅರ್ಜಿ ನೋಡುವ ಮೊದಲೇ ಮನೆಯಲ್ಲಿ ಹೆಂಡತಿಗೆ ಹೇಳಿ. ಮೂರು ವರ್ಷ ಅವಳ ಸಂಜೆಯೂ ಹೋಗುತ್ತದೆ, ಭಾನುವಾರವೂ ಹೋಗುತ್ತದೆ. ಅವಳನ್ನು ಕೇಳದೆ ಅದನ್ನು ತೆಗೆದುಕೊಳ್ಳುವುದು ಸರಿಯಲ್ಲ.

ಬದಿಯಡ್ಕ ಭಾವ
ಅಕ್ಕ ಬರೆದದ್ದನ್ನು ಮೇಲಕ್ಕೆ ಅಂಟಿಸಿ ಇಡಬೇಕು.

ಕುಂಬಳೆ ಕಡಲು
ಜೂನ್, ಜುಲೈಯಲ್ಲಿ ಪರೀಕ್ಷೆ ಬಂದರೆ ಎಂತ ಮಾಡುತ್ತೀರಿ ಅಕ್ಕ? ನಮ್ಮಲ್ಲಿ ಆ ಸಮಯ ಅಡಕೆಗೆ ಮದ್ದು ಬಿಡುವ ಗಡಿಬಿಡಿ, ಕರೆಂಟೂ ಇರುವುದಿಲ್ಲ.

ಪೆರ್ಲದ ಅಕ್ಕ
ಕಳೆದ ಸಲ ಹಾಗೇ ಆಯಿತು. ಎರಡು ದಿನ ಮಳೆ ಬಿಟ್ಟಿತ್ತು, ಮದ್ದು ಬಿಡುವವರು ಸಿಕ್ಕಿದ್ದೂ ಆ ಎರಡೇ ದಿನ. ಆ ದಿನವೇ ನೆಟ್‌ವರ್ಕ್ ಅನಾಲಿಸಿಸ್ ಪರೀಕ್ಷೆ. ತೋಟ ಬಿಟ್ಟರೆ ಕೊಳೆರೋಗ, ಪರೀಕ್ಷೆ ಬಿಟ್ಟರೆ ಸಪ್ಲಿ, ಅಂದರೆ ಮತ್ತೆ ಬರೆಯಬೇಕು. ಗಂಡ ಕೆಲಸಕ್ಕೆ ರಜೆ ಹಾಕಿ ತೋಟದಲ್ಲಿ ನಿಂತರು. ಕರೆಂಟಿಗೆ ಚಾರ್ಜಿಂಗ್ ಲೈಟ್. ಪಾಠದ ವಿಡಿಯೊಗಳನ್ನು ಆಫೀಸಿನಲ್ಲಿ ಇಂಟರ್ನೆಟ್ ಇದ್ದಾಗಲೇ ಇಳಿಸಿಟ್ಟುಕೊಳ್ಳುತ್ತೇನೆ. ಐಐಟಿಯವರ ಎನ್‌ಪಿಟಿಇಎಲ್ ಪಾಠಗಳು ಉಚಿತ, ಬಹಳ ಉಪಯೋಗ ಆಗಿದೆ.

ಉಪ್ಪಳದವ
ಅಕ್ಕ, ತುಂಬಾ ಉಪಕಾರ. ಒಂದು ಸಂಶಯ. ನನ್ನ ಮನೆ ಕೇರಳದಲ್ಲಿ, ಕೆಲಸ ಕರ್ನಾಟಕದಲ್ಲಿ, ಡಿಪ್ಲೊಮಾ ಕೇರಳದ್ದು. ಹಾಗಾದರೆ ನಾನು ಮಂಗಳೂರು ಕಡೆಯ ಕಾಲೇಜು ನೋಡಬೇಕಾ, ಕಾಸರಗೋಡಿನ ಪೊವ್ವಲ್ ಎಲ್‌ಬಿಎಸ್ ಕಾಲೇಜಿನ ಕಡೆ ನೋಡಬೇಕಾ?

ಪೆರ್ಲದ ಅಕ್ಕ
ಕೆಲಸ ಬೈಕಂಪಾಡಿಯಲ್ಲಿ ಅಂದರೆ ಮೊದಲು ಮಂಗಳೂರು ಸುತ್ತಲಿನ ಕಾಲೇಜು ನೋಡಿ. ಸಂಜೆ ಐದಕ್ಕೆ ಶಿಫ್ಟ್ ಬಿಟ್ಟು ಪೊವ್ವಲಿಗೆ ಬಂದು ಮುಟ್ಟುವಾಗ ಕ್ಲಾಸೇ ಮುಗಿದಿರುತ್ತದೆ. ಮೆಕ್ಯಾನಿಕಲ್‌ಗೆ ಈ ವರ್ಷ ಯಾರಿಗೆ ಒಪ್ಪಿಗೆ ಇದೆ ಅಂತ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧಿಸೂಚನೆ ನೋಡಿ, ಕಾಲೇಜಿಗೇ ಹೋಗಿ ಎಐಸಿಟಿಇ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ. ಬೇರೆ ರಾಜ್ಯದ ಡಿಪ್ಲೊಮಾಗೆ ಏನೇನು ಕಾಗದ ಬೇಕು ಅಂತಲೂ ಆಗಲೇ ಕೇಳಿಕೊಳ್ಳಿ.

ಹೊಸದುರ್ಗ
ಕರ್ನಾಟಕದ ವಿಷಯ ಬಂತಲ್ಲ, ಒಂದು ಮಾತು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಕರ್ನಾಟಕದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಅಂತ ಸೀಟು ಕೇಳುವ ನಿಯಮ ಉಂಟು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಿಗೂ ಅದೇ. ನನ್ನ ತಂಗಿ ಹಾಗೆ ಹೋದವಳು. ಕನ್ನಡ ಪರೀಕ್ಷೆ ಬರೆಯಬೇಕು. ಇಲ್ಲಿ ತುಂಬಾ ಜನರಿಗೆ ಇದು ಗೊತ್ತೇ ಇಲ್ಲ.

ಬದಿಯಡ್ಕ ಭಾವ
ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಬೆಂಗಳೂರಿಗೆ ಹೋಗಿ ನಮಗೆ ಕನ್ನಡ ಬರುತ್ತದೆ ಅಂತ ಪರೀಕ್ಷೆ ಬರೆಯಬೇಕು. ನನಗೆ ಅದು ಒಪ್ಪಲು ಕಷ್ಟ. ಇಲ್ಲಿ ಮಲಯಾಳ ಬರುವುದಿಲ್ಲ ಅಂತ ಕೇಳಿಸಿಕೊಳ್ಳುತ್ತೇವೆ, ಅಲ್ಲಿ ಕನ್ನಡ ಬರುತ್ತದಾ ಅಂತ ಕೇಳಿಸಿಕೊಳ್ಳುತ್ತೇವೆ.

ಹೊಸದುರ್ಗ
ಭಾವ, ನೋವು ಅರ್ಥ ಆಗುತ್ತದೆ. ಆದರೆ ಆ ಪರೀಕ್ಷೆ ಇಲ್ಲದಿದ್ದರೆ ನಮ್ಮ ಹೆಸರು ಹೇಳಿ ಬೇರೆಯವರು ಸೀಟು ತೆಗೆದುಕೊಳ್ಳುತ್ತಾರೆ. ತಂಗಿ ಅರ್ಧ ಗಂಟೆ ಮೊದಲೇ ಬರೆದು ಮುಗಿಸಿ ಹೊರಗೆ ಬಂದಳು.

ನೀರ್ಚಾಲು ಮಾಷ್ಟ್ರು
ಇಬ್ಬರೂ ಹೇಳಿದ್ದು ಸರಿ. ಆದರೆ ಅದು ಪ್ಲಸ್ ಟು ಮುಗಿಸಿದವರ ಸಿಇಟಿ ಮಾತು. ಉಪ್ಪಳದವರದು ಡಿಪ್ಲೊಮಾ. ಕೆಲಸ ಬಿಟ್ಟು ಹಗಲಿನ ಲ್ಯಾಟರಲ್ ಎಂಟ್ರಿ (ನೇರ ಎರಡನೇ ವರ್ಷಕ್ಕೆ ಪ್ರವೇಶ) ಆದರೆ ಕರ್ನಾಟಕದಲ್ಲಿ ಡಿಸಿಇಟಿ ಪರೀಕ್ಷೆ, ಕೇರಳದಲ್ಲಿ ಎಲ್‌ಬಿಎಸ್ ಸೆಂಟರ್ ನಡೆಸುವ ಲೆಟ್. ಅವರು ಕೇಳಿದ್ದು ಕೆಲಸ ಬಿಡದೆ ಓದುವ ಬಗ್ಗೆ. ಅಲ್ಲಿಗೆ ಬರುವ.

ತಾಳವಾಡಿ
ನಾವು ತಮಿಳುನಾಡಿನ ಈರೋಡು ಜಿಲ್ಲೆಯ ಕನ್ನಡದವರು. ನಮ್ಮಲ್ಲಿ ಪಾರ್ಟ್ ಟೈಮ್ ಬಿ.ಇ. ಅಂತ ಹಳೆಯ ಕಾಲದಿಂದ ಇದೆ. ಡಿಪ್ಲೊಮಾ ಮುಗಿಸಿ ಕೆಲಸದಲ್ಲಿ ಇರುವವರಿಗೆ, ಏಳು ಸೆಮಿಸ್ಟರ್, ಮೂರೂವರೆ ವರ್ಷ, ಸಂಜೆ ಕ್ಲಾಸು. ನಾನು ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಇದ್ದಾಗ ಮಾಡಿದೆ. ಕ್ಲಾಸಿನಲ್ಲಿ 50 ವರ್ಷದವರೂ ಇದ್ದರು. ಮೇಷ್ಟ್ರು ಬೇರಿಂಗ್ ಬಗ್ಗೆ ಪಾಠ ಮಾಡಿದರೆ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, ಸರ್, ಇವತ್ತು ಬೆಳಗ್ಗೆ ನಮ್ಮಲ್ಲಿ ಹೀಗಾಯಿತು ಅಂತ ಹೇಳುತ್ತಿದ್ದರು. ಮೇಷ್ಟ್ರೂ ಕೂತು ಕೇಳುತ್ತಿದ್ದರು. ಹಗಲಿನ ಕಾಲೇಜಿನ ಹುಡುಗರಿಗೆ ಅಂಥ ಪಾಠ ಸಿಗುವುದಿಲ್ಲ.

ಆ ಮೂರೂವರೆ ವರ್ಷದಲ್ಲಿ ಊರಿಗೆ ಹೋದದ್ದು ಬೆರಳೆಣಿಕೆ. ದಿಂಬಂ ಘಾಟಿಯ 27 ತಿರುವು ಹತ್ತಿ ಮನೆ ಮುಟ್ಟಿ, ಮಲಗಿ ಎದ್ದರೆ ಮತ್ತೆ ಹೊರಡುವ ಸಮಯ. ಅಮ್ಮ ಬುತ್ತಿ ಕಟ್ಟುವಾಗ, ಈ ಸಲ ಎರಡು ದಿನ ಇರು ಅಂತ ಹೇಳುತ್ತಿದ್ದಳು. ಇರಲು ಆಗಲೇ ಇಲ್ಲ. ಈಗ ಅಮ್ಮ ಇಲ್ಲ. ಅದೊಂದು ಉಳಿದಿದೆ ಮನಸ್ಸಿನಲ್ಲಿ.

ಮಡಕಶಿರಾ
ಆಂಧ್ರದ ಗಡಿಯಿಂದ. ಬೆಂಗಳೂರಿನಲ್ಲೂ ಯುವಿಸಿಇ, ಬಿಎಂಎಸ್ ಕಾಲೇಜುಗಳಲ್ಲಿ ಸಂಜೆ ಬಿ.ಇ. ಇತ್ತು. ಪೀಣ್ಯದಲ್ಲಿ ನನ್ನ ಜೊತೆ ಇದ್ದ ಎಷ್ಟೋ ಜನ ಹಾಗೆ ಓದಿದವರು. ಸಂಜೆ ಕಾಲೇಜು ಡಿಗ್ರಿ ಕೀಳು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕುಂಬಳೆ ಕಡಲು
ಐಐಟಿ ಮದ್ರಾಸಿನ ಆನ್‌ಲೈನ್ ಡಿಗ್ರಿ ಆಗುವುದಿಲ್ವಾ? ಐಐಟಿ ಹೆಸರೇ ಸಾಕಲ್ಲ.

ಹೊಸದುರ್ಗ
ನಾನು ಅದರಲ್ಲೇ ಇದ್ದೇನೆ. ಅದು ಬಿಎಸ್, ಬಿ.ಟೆಕ್ ಅಲ್ಲ. ಡೇಟಾ ಸೈನ್ಸ್ ಒಂದು, ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಇನ್ನೊಂದು. ಪಾಠ ಆನ್‌ಲೈನ್, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಎಂಟು ವರ್ಷದವರೆಗೆ ನಿಧಾನವಾಗಿ ಮುಗಿಸಬಹುದು. ಸಾಫ್ಟ್‌ವೇರ್ ಕಡೆ ಹೋಗುವವರಿಗೆ ಬಹಳ ಒಳ್ಳೆಯದು, ಗಣಿತ ಚೆನ್ನಾಗಿ ಅರೆಯುತ್ತಾರೆ. ಮೆಕ್ಯಾನಿಕಲ್ ಬಿ.ಇ. ಬೇಕು ಅನ್ನುವ ಹುದ್ದೆಗೆ ಅದು ಕೂಡಿಬರುವುದಿಲ್ಲ. ಬಿಟ್ಸ್ ಪಿಲಾನಿಯವರದೂ ಒಂದು ಉಂಟು, 1979ರಿಂದ ಕೆಲಸದವರಿಗಾಗಿ ನಡೆಸುತ್ತಿದ್ದಾರೆ. ವಾರಾಂತ್ಯದ ಕ್ಲಾಸು, ಕಂಪನಿಯ ಒಪ್ಪಿಗೆ ಬೇಕು, ಕಂಪನಿಯಲ್ಲೇ ಒಬ್ಬರು ಮಾರ್ಗದರ್ಶಕರು ಬೇಕು. ಶುಲ್ಕ ಜಾಸ್ತಿ. ಕಂಪನಿ ಕೊಡುತ್ತದೆ ಅಂದರೆ ಯೋಚಿಸಬಹುದು.

ಕುವೈತ್ ಕಾಸರಗೋಡು
ಇಲ್ಲಿಂದ ಒಂದು ಮಾತು, ಯಾಕೆಂದರೆ ನಮ್ಮ ಊರಿನ ಹುಡುಗರು ಕೊನೆಗೆ ಗಲ್ಫ್ ಕಡೆ ನೋಡುತ್ತಾರೆ. 2018ರಲ್ಲಿ ಇಲ್ಲಿ ಇಂಜಿನಿಯರ್ ಅಂತ ಇಕಾಮಾ (ವಾಸದ ಪರವಾನಗಿ) ನವೀಕರಿಸಲು ಕುವೈತ್ ಸೊಸೈಟಿ ಆಫ್ ಇಂಜಿನಿಯರ್ಸ್‌ನ ಒಪ್ಪಿಗೆ ಬೇಕು ಅಂತ ಆಯಿತು. ಅವರು ಭಾರತದ ಡಿಗ್ರಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯಾ ಅಂತ ನೋಡಿದರು. ರೆಗ್ಯುಲರ್ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಒಳ್ಳೆಯ ಅಂಕ ತೆಗೆದವರೂ ಸಿಕ್ಕಿಹಾಕಿಕೊಂಡರು. ನನ್ನ ಕೋಣೆಯ ಗೆಳೆಯ, 15 ವರ್ಷ ಸೈಟ್ ಇಂಜಿನಿಯರ್ ಆಗಿದ್ದವನು, ಕಾಗದದಲ್ಲಿ ಫೋರ್‌ಮನ್ ಆದ. ಕೆಲಸ ಅದೇ.

ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗೆ ಅಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದೂ ಇಂತಿಷ್ಟು ವರ್ಷಕ್ಕೆ. ಕಾಲೇಜಿನ ಬೋರ್ಡಿನಲ್ಲಿ ಎನ್‌ಬಿಎ ಅಂತ ಬರೆದಿದ್ದರೆ ಸಾಲದು. ಮೆಕ್ಯಾನಿಕಲ್‌ಗೆ ಇದೆಯಾ, ಯಾವ ವರ್ಷದವರೆಗೆ ಇದೆ ಅಂತ ಕೇಳಿ. ಉಪ್ಪಳದ ತಮ್ಮ, ನೀನು ಈಗ ಗಲ್ಫಿಗೆ ಬರುವವನಲ್ಲದಿರಬಹುದು. ಹತ್ತು ವರ್ಷದ ಮಾತು ಯಾರಿಗೆ ಗೊತ್ತು.

ಪೈವಳಿಕೆ
ಒಳ್ಳೆಯ ವಿಷಯ ಹೇಳಿದಿರಿ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಉಪ್ಪಳದವ
ಎರಡು ದಿನ ಬರೆಯಲಿಲ್ಲ, ಕ್ಷಮಿಸಿ. ಹೆಂಡತಿಗೆ ಎಲ್ಲ ಹೇಳಿದೆ. ಮುಂಗಡದ ವಿಷಯವೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಈ ಚರ್ಚೆಯನ್ನು ಅವಳೇ ಫೋನ್ ತೆಗೆದುಕೊಂಡು ಮೊದಲಿನಿಂದ ಓದಿದಳು. ಪೆರ್ಲದ ಅಕ್ಕ ಬರೆದದ್ದನ್ನು ಎರಡು ಸಲ ಓದಿದಳು. ಸಂಜೆ ಮಗಳನ್ನು ನೋಡಿಕೊಳ್ಳಲು ಅವಳ ಅಮ್ಮ ಬಂದಿರುತ್ತಾರೆ, ಆದರೆ ತಿಂಗಳಿಗೆ ಒಂದು ಭಾನುವಾರ ನನಗೆ ಮತ್ತು ಮಗಳಿಗೆ ಬೇಕು, ಅದನ್ನು ಮುಟ್ಟಬಾರದು ಅಂದಳು. ಒಪ್ಪಿಕೊಂಡೆ.

ಇವತ್ತು ಸೋಮವಾರ. ಆ ಮನುಷ್ಯ ಮೂರು ಸಲ ಫೋನ್ ಮಾಡಿದ. ಎಐಸಿಟಿಇ ಒಪ್ಪಿಗೆ ಪತ್ರ ಕಳಿಸಿ ಅಂದೆ. ಆಮೇಲೆ ಫೋನ್ ಬರಲಿಲ್ಲ.

ಎಚ್‌ಆರ್‌ನಲ್ಲಿ ಅನುಭವ ಪತ್ರ ಕೇಳಿದ್ದೇನೆ. ಶಿಫ್ಟ್ ಮಾತ್ರ ತೊಂದರೆ. ನನಗೆ ತಿಂಗಳಲ್ಲಿ ಒಂದು ವಾರ ಸೆಕೆಂಡ್ ಶಿಫ್ಟ್ ಬರುತ್ತದೆ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಆ ವಾರ ಸಂಜೆ ಕ್ಲಾಸು ತಪ್ಪುತ್ತದೆ.

ಪೆರ್ಲದ ಅಕ್ಕ
ಅದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಬಗೆಹರಿಸಿ. ವಿಟಿಯು ಕಾಲೇಜಿನಲ್ಲಿ ರೆಗ್ಯುಲರ್‌ನವರಿಗೆ 85 ಶೇಕಡ ಹಾಜರಿ ಕೇಳುತ್ತಾರೆ. ನಿಮ್ಮ ಬ್ಯಾಚಿಗೆ ಎಷ್ಟು ಅಂತ ಕಾಲೇಜಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ತಿಂಗಳಿಗೆ ಒಂದು ವಾರ ಹೋದರೆ ಉಳಿಯುವುದು 75. ಬಾಯಿ ಮಾತಿನಲ್ಲಿ ನೋಡುವ ಅಂದ ಮ್ಯಾನೇಜರ್ ಬದಲಾದರೆ ನಿಮ್ಮ ಕಥೆ ಮುಗಿಯಿತು. ನನ್ನ ಜೊತೆ ಸೇರಿದ ಇಬ್ಬರು ಹೀಗೇ ಬಿಟ್ಟು ಹೋದರು.

ಮಂಜೇಶ್ವರ ಮೋನು
ನಿಮ್ಮ ಜೊತೆ ಸೆಕೆಂಡ್ ಶಿಫ್ಟ್ ಕೇಳಿ ತೆಗೆದುಕೊಳ್ಳುವ ಮದುವೆಯಾಗದ ಹುಡುಗರು ಇರುತ್ತಾರೆ ತಮ್ಮ. ಶಿಫ್ಟ್ ಭತ್ಯೆ ಜಾಸ್ತಿ ಅಲ್ವಾ. ಅವರ ಜೊತೆ ಬದಲು ಮಾಡಿಕೊಂಡು, ಇಬ್ಬರೂ ಸೇರಿ ಎಚ್‌ಆರ್‌ಗೆ ಅರ್ಜಿ ಕೊಡಿ. ನಮ್ಮಲ್ಲಿ ಹಾಗೆ ನಡೆಯುತ್ತದೆ.

ಉಪ್ಪಳದವ
ಇದು ಒಳ್ಳೆಯ ದಾರಿ. ಇಬ್ಬರು ಇದ್ದಾರೆ. ನಾಳೆಯೇ ಕೇಳುತ್ತೇನೆ.

ಇನ್ನೊಂದು ಹೆದರಿಕೆ ಗಣಿತದ್ದು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಡಿಪ್ಲೊಮಾದಲ್ಲಿ ಪಾಠ ಇಂಗ್ಲಿಷು, ವಿವರಣೆ ಮಲಯಾಳ. ನಾನು ತಲೆಯಲ್ಲಿ ಕನ್ನಡಕ್ಕೆ ತಿರುಗಿಸುವಾಗ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದರು. ಹೇಗೋ ಪಾಸಾದೆ. ಈಗ ಎಲ್ಲ ಮರೆತಿದೆ.

ತಾಳವಾಡಿ
ನನಗೂ ಅದೇ ಕಥೆ, ಮಲಯಾಳದ ಜಾಗದಲ್ಲಿ ತಮಿಳು. ಹೆಚ್ಚಿನವರು ಬಿಟ್ಟುಹೋಗುವುದು ಗಣಿತದಲ್ಲೇ. ಕೋರ್ಸ್ ಶುರುವಾಗುವ ಮೊದಲೇ ಮೂರು ತಿಂಗಳು ಗಣಿತ ಓದಿ.

ನೀರ್ಚಾಲು ಮಾಷ್ಟ್ರು
ಲ್ಯಾಟರಲ್ ಎಂಟ್ರಿಯವರಿಗೆ ವಿಟಿಯುನಲ್ಲಿ ಹೆಚ್ಚುವರಿ ಗಣಿತ ಅಂತ ಬೇರೆಯೇ ವಿಷಯ ಇಟ್ಟದ್ದು ಇದಕ್ಕೇ. ಇಂಜಿನಿಯರಿಂಗ್ ಗಣಿತದಲ್ಲಿ ಲಾಪ್ಲಾಸ್, ಫೊರಿಯರ್ ಬರುತ್ತದೆ. ಅದಕ್ಕೆ ಅವಕಲನ, ಅನುಕಲನ ಗಟ್ಟಿ ಇರಬೇಕು. ಕಷ್ಟ ಇರುವುದು ಫೊರಿಯರ್‌ನಲ್ಲಿ ಅಲ್ಲ, ಹನ್ನೊಂದನೇ ಕ್ಲಾಸಿನ ತ್ರಿಕೋನಮಿತಿ ಮರೆತಿರುವುದರಲ್ಲಿ.

ನಾನು ಮನೆಯಲ್ಲಿ ಸುಮ್ನೆ ಇದ್ದೇನೆ. ಭಾನುವಾರ ಬೆಳಗ್ಗೆ ಏಳರಿಂದ ಎಂಟೂವರೆ, ಫೋನಿನಲ್ಲೇ ಪಾಠ ಮಾಡುತ್ತೇನೆ. ಕನ್ನಡದಲ್ಲಿ. ಫೀಸು ಇಲ್ಲ. ಇಲ್ಲಿ ಬೇರೆ ಯಾರಿಗೆ ಬೇಕಾದರೂ ಬರಬಹುದು. ತಿಂಗಳಿಗೆ ಒಂದು ಭಾನುವಾರ ರಜೆ, ಉಪ್ಪಳದವರ ಮನೆಯವರು ಹೇಳಿದ ಪ್ರಕಾರ.

ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಗೊತ್ತಾಗಬೇಕು. ಒಂದು ಲೆಕ್ಕ ಕೊಡುತ್ತೇನೆ. ಎಕ್ಸ್ ವರ್ಗ ಗುಣಿಸು ಸೈನ್ ಎಕ್ಸ್. ಇದರ ಅವಕಲನ ಏನು? ಪುಸ್ತಕ ನೋಡದೆ ಬರೆಯಿರಿ.

ಪೆರ್ಲದ ಅಕ್ಕ
ಮಾಷ್ಟ್ರೇ, ನಾನೂ ಬರುತ್ತೇನೆ. ನನಗೆ ಒಂದು ಗಣಿತ ಸಪ್ಲಿ ಉಂಟು.

ಕುಂಬಳೆ ಕಡಲು
ಮಗನನ್ನು ಕೂರಿಸಬಹುದಾ? ಈ ವರ್ಷ ಡಿಪ್ಲೊಮಾ ಸೇರಿದ್ದಾನೆ.

ನೀರ್ಚಾಲು ಮಾಷ್ಟ್ರು
ಕೂರಿಸಿ.

ಉಪ್ಪಳದವ
ರೈಲಿನಲ್ಲಿ ಕೂತು ಮಾಡಿದೆ ಮಾಷ್ಟ್ರೇ. ಉತ್ತರ 2 ಎಕ್ಸ್ ಗುಣಿಸು ಕಾಸ್ ಎಕ್ಸ್. ಸರಿಯಾ?

ನೀರ್ಚಾಲು ಮಾಷ್ಟ್ರು
ಸರಿಯಲ್ಲ. ಎರಡನ್ನೂ ಒಟ್ಟಿಗೆ ಅವಕಲಿಸಿದಿರಿ, ತುಂಬಾ ಜನ ಮಾಡುವ ತಪ್ಪು ಅದು. ಗುಣಲಬ್ಧ ಇರುವಾಗ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಅವಕಲಿಸಬೇಕು. ಆಮೇಲೆ ಅದಲು ಬದಲು ಮಾಡಿ, ಎರಡನ್ನೂ ಕೂಡಿಸಬೇಕು. ಇನ್ನೊಮ್ಮೆ ಮಾಡಿ.

ಉಪ್ಪಳದವ
2 ಎಕ್ಸ್ ಸೈನ್ ಎಕ್ಸ್, ಕೂಡಿಸು ಎಕ್ಸ್ ವರ್ಗ ಕಾಸ್ ಎಕ್ಸ್.

ನೀರ್ಚಾಲು ಮಾಷ್ಟ್ರು
ಸರಿ. ಭಾನುವಾರ ಏಳಕ್ಕೆ. 200 ಪುಟದ ನೋಟ್‌ಬುಕ್ ತನ್ನಿ, ಗೆರೆ ಇಲ್ಲದ್ದು.